ರೆಸಿಪಿಯ ಕೆಳಗೆ ಹೆಸರು ಬರೆಯಿರಿ

ಕೆನಡಾದ ಕನ್ನಡ ಸಂಘಗಳಲ್ಲಿ ಹಬ್ಬದ ಅಡುಗೆಗೆ ನಿಲ್ಲುವ ಅಕ್ಕಂದಿರೇ, ತಂಗಿಯರೇ, ಸೌಟು ಹಿಡಿದ ಅಣ್ಣತಮ್ಮಂದಿರೇ,



ಈಚೆಗೆ ನಮ್ಮ ಯುಗಾದಿ, ದೀಪಾವಳಿ ಊಟಗಳಲ್ಲಿ ಹೋಳಿಗೆ, ಚಿರೋಟಿ, ಕೊಬ್ಬರಿ ಮಿಠಾಯಿಗಳ ಪಕ್ಕದಲ್ಲಿ ನನೈಮೊ ಬಾರ್‌ನ ತಟ್ಟೆಯೊಂದು ಬಂದು ಕೂರುತ್ತಿದೆ. ಇಲ್ಲೇ ಹುಟ್ಟಿದ ಮಕ್ಕಳು ಮೊದಲು ಕೈ ಹಾಕುವುದು ಅದಕ್ಕೇ. ಅದನ್ನು ಮಾಡಿ ತರುವ ನನ್ನನ್ನು ನಿಮ್ಮಲ್ಲಿ ಅನೇಕರು ಎರಡು ಪ್ರಶ್ನೆ ಕೇಳಿದ್ದೀರಿ. ಇದಕ್ಕೆ ಮೊಟ್ಟೆ ಹಾಕಿದ್ದೀರಾ? ಈ ರೆಸಿಪಿ ಎಲ್ಲಿ ಸಿಕ್ಕಿತು? ಊಟದ ಸಾಲಿನಲ್ಲಿ ನಿಂತು ಹೇಳಿ ಮುಗಿಸುವ ಉತ್ತರಗಳಲ್ಲ ಇವು. ಎರಡನೆಯ ಪ್ರಶ್ನೆಯ ಬೆನ್ನು ಹತ್ತಿ ಹೋದ ಮೇಲಂತೂ ನಿಮ್ಮೆಲ್ಲರ ಹತ್ತಿರ ಒಂದು ಮಾತು ಕೇಳಿಕೊಳ್ಳಲೇಬೇಕು ಅನ್ನಿಸಿದೆ. ಸಂಘದ ಸ್ಮರಣ ಸಂಚಿಕೆಗೆ ಅಡುಗೆ ಪುಟ ಸಿದ್ಧಮಾಡುವವರು, ಮನೆಯ ರೆಸಿಪಿಗಳನ್ನೆಲ್ಲ ಸೇರಿಸಿ ಪುಸ್ತಕ ತರಬೇಕು ಎಂದು ಮಾತಾಡಿಕೊಳ್ಳುತ್ತಿರುವವರು ಇದನ್ನು ವಿಶೇಷವಾಗಿ ಓದಬೇಕು.

ನನೈಮೊ ಬಾರ್ ತಿಂದಿರದವರಿಗಾಗಿ ಮೊದಲು ಅದೇನು ಎಂದು ಹೇಳುತ್ತೇನೆ. ಮೂರು ಪದರದ ಸಿಹಿ ಅದು. ತಳದಲ್ಲಿ ಬಿಸ್ಕತ್ತಿನ ಪುಡಿ, ಕೋಕೋ, ಕೊಬ್ಬರಿ, ಬಾದಾಮಿಯ ಒರಟು ಪದರ. ನಡುವೆ ಬೆಣ್ಣೆ, ಸಕ್ಕರೆ, ಕಸ್ಟರ್ಡ್ ಪೌಡರ್ ಸೇರಿಸಿ ಕಡೆದ ಹಳದಿ ಪದರ. ಮೇಲೆ ತೆಳ್ಳಗೆ ಕಪ್ಪು ಚಾಕೊಲೇಟು. ನನೈಮೊ ಎಂಬುದು ವ್ಯಾಂಕೂವರ್ ದ್ವೀಪದ ಊರು. ವ್ಯಾಂಕೂವರ್ ನಗರದ ಪಕ್ಕದ ಹಾರ್ಸ್‌ಶೂ ಬೇಯಲ್ಲಿ ಫೆರಿ ಹತ್ತಿದರೆ ಎರಡು ಗಂಟೆಯೊಳಗೆ ತಲುಪಿಸುತ್ತದೆ.

ಆ ಊರಿನಲ್ಲಿ ಯಾರನ್ನು ಕೇಳಿದರೂ ಒಂದು ಕಥೆ ಸಿಗುತ್ತದೆ. ಊರು ಬೆಳೆದದ್ದು ಕಲ್ಲಿದ್ದಲು ಗಣಿಗಳಿಂದ. ಗಣಿಗೆ ಇಳಿಯುವ ಗಂಡಂದಿರ ಬುತ್ತಿಗೆ ಹೆಂಡತಿಯರು ಇದನ್ನು ಕಟ್ಟಿಕೊಡುತ್ತಿದ್ದರು, ಇಂಗ್ಲೆಂಡಿನಿಂದ ಬಂದ ಕೈಗುಣ ಅದು ಅನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಈ ಬಾರ್‌ಗೆ ಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು ನೋಡಿ. ಪುಡಿ ಮಾಡಿದ ಗ್ರಹಾಂ ಬಿಸ್ಕತ್ತು, ಐಸಿಂಗ್ ಶುಗರ್, ಕಸ್ಟರ್ಡ್ ಪೌಡರ್, ಒಣಕೊಬ್ಬರಿ ಪುಡಿ, ಅಡುಗೆ ಚಾಕೊಲೇಟು ಎಲ್ಲವೂ ಅಂಗಡಿಯ ಪೊಟ್ಟಣಗಳು. ಗಟ್ಟಿಯಾಗಿ ನಿಲ್ಲಲು ಫ್ರಿಜ್ ಬೇರೆ ಬೇಕು. ಹತ್ತೊಂಬತ್ತನೇ ಶತಮಾನದ ಗಣಿಕಾರ್ಮಿಕರ ಮನೆಯಲ್ಲಿ ಇಷ್ಟೂ ಇದ್ದವು ಎಂದು ನಂಬಲು ನನಗಂತೂ ಕಷ್ಟ. ಎರಡನೇ ಮಹಾಯುದ್ಧದ ನಂತರ ಮನೆಮನೆಗೆ ಫ್ರಿಜ್ ಬಂದ ಕಾಲದ ಅಡುಗೆ ಇದು ಎನ್ನುವುದಕ್ಕೆ ಅದರ ಸಾಮಾನಿನ ಪಟ್ಟಿಯೇ ಸಾಕ್ಷಿ.

ಅಚ್ಚಿನಲ್ಲಿ ಸಿಗುವ ಸಾಕ್ಷಿಯೂ ಇದನ್ನೇ ಹೇಳುತ್ತದೆ. ನನೈಮೊ ಆಸ್ಪತ್ರೆಗೆ ನೆರವಾಗಲು ಊರಿನ ಹೆಂಗಸರು ಕಟ್ಟಿಕೊಂಡಿದ್ದ ಸಹಾಯಕ ಸಂಘ 1952ರಲ್ಲಿ ಒಂದು ಅಡುಗೆ ಪುಸ್ತಕ ತಂದಿತು. ಅದರಲ್ಲಿ ಈ ಬಾರನ್ನೇ ಹೋಲುವ ಮೂರು ರೆಸಿಪಿಗಳಿವೆ. ಒಂದಕ್ಕೊಂದು ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಅಲ್ಲಿ ಅವುಗಳ ಹೆಸರು ಚಾಕೊಲೇಟ್ ಸ್ಕ್ವೇರ್, ಚಾಕೊಲೇಟ್ ಸ್ಲೈಸ್ ಎಂದಷ್ಟೇ ಇದೆ. ಒಂದೇ ಪುಸ್ತಕದಲ್ಲಿ ಒಂದೇ ತಿಂಡಿ ಮೂರು ಸಲ! ಪುಸ್ತಕ ಸಿದ್ಧಮಾಡಿದವರು ಯಾರದನ್ನೂ ಬಿಡಲಿಲ್ಲವಲ್ಲ ಎಂದು ನನಗೆ ಅವರ ಮೇಲೆ ಅಭಿಮಾನ ಉಕ್ಕುತ್ತದೆ. ಅಚ್ಚುಕಟ್ಟಿನ ಸಂಪಾದಕರೊಬ್ಬರು ಎರಡನ್ನು ಹೊಡೆದುಹಾಕಿ ಒಂದನ್ನು ಉಳಿಸಿಕೊಂಡಿದ್ದರೆ, ಆ ವೇಳೆಗೆ ಊರಿನ ಹಲವು ಮನೆಗಳಲ್ಲಿ ಇದು ಆಗುತ್ತಿತ್ತು ಎಂಬ ಸಂಗತಿಯೇ ನಮಗೆ ತಿಳಿಯುತ್ತಿರಲಿಲ್ಲ.

ನನೈಮೊ ಬಾರ್ ಎಂಬ ಹೆಸರು ಅಚ್ಚಾಗಿ ಸಿಗುವುದು ಮರುವರ್ಷ, 1953ರಲ್ಲಿ, ವ್ಯಾಂಕೂವರ್ ಸನ್ ಪತ್ರಿಕೆಯ ‘ಎಡಿತ್ ಆಡಮ್ಸ್’ ಬಹುಮಾನಿತ ಅಡುಗೆಗಳ ಪುಸ್ತಕದಲ್ಲಿ. ಕೆನಡಾದ ಆಹಾರದ ಬಗ್ಗೆ ಆಳವಾಗಿ ಬರೆದಿರುವ ಲೆನೋರ್ ನ್ಯೂಮನ್ ಈ ಬಾರ್‌ನ ಜಾಡು ಹಿಡಿದು ಹೋದಾಗ, ಅದೇ ವರ್ಷ ಅದಕ್ಕೂ ಮೊದಲು ಅದೇ ಪತ್ರಿಕೆಯಲ್ಲಿ ಅದೇ ರೆಸಿಪಿ ‘ಲಂಡನ್ ಫಾಗ್ ಬಾರ್’ ಎಂಬ ಹೆಸರಿನಲ್ಲಿ ಬಂದಿದ್ದು ಸಿಕ್ಕಿತು. ಇನ್ನು ಎಡಿತ್ ಆಡಮ್ಸ್ ಯಾರು? ಅಂಥ ಹೆಂಗಸೇ ಇರಲಿಲ್ಲ. ಪತ್ರಿಕೆಯವರು ಅಡುಗೆ ಅಂಕಣಕ್ಕಾಗಿ ಸೃಷ್ಟಿಸಿಕೊಂಡ ಹೆಸರು ಅದು. ಓದುಗರು ರೆಸಿಪಿ ಕಳಿಸುತ್ತಿದ್ದರು, ಪತ್ರಿಕೆಯ ಗೃಹವಿಜ್ಞಾನ ಬಲ್ಲ ಹೆಂಗಸರು ಅದನ್ನು ಮಾಡಿ ನೋಡುತ್ತಿದ್ದರು, ಪುಸ್ತಕದ ಮೇಲೆ ಬರುತ್ತಿದ್ದದ್ದು ಎಡಿತ್ ಆಡಮ್ಸ್.

ಇಲ್ಲಿಗೆ ಬಂದಾಗ ನಾನು ಬಹಳ ಹೊತ್ತು ಯೋಚಿಸಿದೆ. ಇಡೀ ದೇಶ ತನ್ನದೆಂದು ಹೆಮ್ಮೆಪಡುವ ತಿಂಡಿ. ನನೈಮೊ ಬಾರ್ ಎಂಬ ಹೆಸರಿನ ಅದರ ಮೊದಲ ದಾಖಲೆಗೆ ಅಂಟಿಕೊಂಡ ಹೆಸರು ಮಾತ್ರ ಹುಟ್ಟೇ ಇಲ್ಲದ ಹೆಂಗಸಿನದು. ಬೆಣ್ಣೆಗೆ ಕಸ್ಟರ್ಡ್ ಪೌಡರನ್ನು ಹಸಿಯಾಗಿಯೇ ಬೆರೆಸಿ ನೋಡಿದ, ಆ ಧೈರ್ಯ ಮಾಡಿದ ನಿಜವಾದ ಹೆಣ್ಣುಮಗಳು ಯಾರೆಂದು ಗುರುತಿಸಲು ದಾರಿಯಿಲ್ಲ.

1957ರಲ್ಲಿ ನನೈಮೊದ ಬ್ರೆಕಿನ್ ಯುನೈಟೆಡ್ ಚರ್ಚಿನ ಮಹಿಳಾ ಸಂಘ ತಂದ ಪುಸ್ತಕದಲ್ಲಿ ಇದೇ ರೆಸಿಪಿ ಕೊಟ್ಟವರ ಹೆಸರಿನೊಂದಿಗೆ ಅಚ್ಚಾಗಿದೆ: ಜಾಯ್ ವಿಲ್‌ಗ್ರೆಸ್. ಮೊದಲು ಮಾಡಿದವರು ಅವರೇ ಎಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೂ ಒಂದು ರೆಸಿಪಿ ಒಂದು ವರ್ಷ, ಒಂದು ಊರಿನಲ್ಲಿ, ಹೆಸರಿರುವ ಒಬ್ಬರ ಅಡುಗೆಮನೆಯಲ್ಲಿ ಇತ್ತು ಎಂದು ಕೈಯಿಟ್ಟು ತೋರಿಸಬಹುದು. ಹುಡುಕುವವರಿಗೆ ಅದು ದೊಡ್ಡ ಆಸರೆ.

ಮುಂದಿನದು ಬೇಗ ಹೇಳಬಹುದು. 1985ರಲ್ಲಿ ನನೈಮೊದ ಮೇಯರ್ ಗ್ರೇಮ್ ರಾಬರ್ಟ್ಸ್ ಅತ್ಯುತ್ತಮ ರೆಸಿಪಿಗಾಗಿ ಸ್ಪರ್ಧೆ ಇಟ್ಟರು. ಸುಮಾರು 100 ಬಗೆಗಳು ಬಂದವು. ಗೆದ್ದದ್ದು ಜಾಯ್ಸ್ ಹಾರ್ಡ್‌ಕ್ಯಾಸಲ್ ಅವರದು. ಅದನ್ನೇ ನಗರಾಡಳಿತ ಇಂದಿಗೂ ತನ್ನ ಅಧಿಕೃತ ರೆಸಿಪಿ ಎಂದು ಕೊಡುತ್ತದೆ. ವ್ಯಾಂಕೂವರಿನ ಎಕ್ಸ್‌ಪೋ 86 ವಿಶ್ವಮೇಳದ ಹೊತ್ತಿಗೆ ಸೂಸನ್ ಮೆಂಡೆಲ್‌ಸನ್ ಅವರಂಥ ಅಡುಗೆಯವರ ಕೈಯಿಂದ ಇದು ದೇಶವಿದೇಶದ ಜನರ ಬಾಯಿಗೆ ಬಿತ್ತು. 2019ರಲ್ಲಿ ಕೆನಡಾ ಅಂಚೆ ಸಂಸ್ಥೆ ದೇಶದ ಸಿಹಿತಿಂಡಿಗಳ ಅಂಚೆಚೀಟಿ ತಂದಾಗ ಇದಕ್ಕೂ ಒಂದು ಚೀಟಿ ಸಿಕ್ಕಿತು. ಚಿತ್ರದಲ್ಲಿ ನಡುವಿನ ಪದರ ದಪ್ಪ ಆಯಿತೆಂದು ಊರಿನವರು ಮುನಿಸಿಕೊಂಡರು. ನನಗೆ ಅವರ ಮುನಿಸು ಪೂರ್ತಿ ಅರ್ಥವಾಗುತ್ತದೆ. ಹೋಳಿಗೆಯಲ್ಲಿ ಕಣಕ ಹೆಚ್ಚಾಗಿ ಹೂರಣ ಕಡಿಮೆಯಾದರೆ ನಾವು ಸುಮ್ಮನಿರುತ್ತೇವೆಯೇ?

ಈಗ ಅಡುಗೆಗೆ ಬರೋಣ. ಅಳತೆ ನಗರದ ಅಧಿಕೃತ ರೆಸಿಪಿಯದು. ಎಂಟು ಇಂಚಿನ ಚೌಕದ ತಟ್ಟೆಗೆ ಆಗುವಷ್ಟು. ಚಮಚ ಎಂದಲ್ಲೆಲ್ಲ ದೊಡ್ಡ ಚಮಚ, ಅಂದರೆ 15 ಮಿಲಿಲೀಟರಿನ ಅಳತೆ ಚಮಚ.

ತಳದ ಪದರಕ್ಕೆ ಅರ್ಧ ಕಪ್ ಉಪ್ಪಿಲ್ಲದ ಬೆಣ್ಣೆ, ಕಾಲು ಕಪ್ ಸಕ್ಕರೆ, ಐದು ಚಮಚ ಕೋಕೋ ಪುಡಿ, ಒಂದು ಮೊಟ್ಟೆ, ಒಂದೂ ಮುಕ್ಕಾಲು ಕಪ್ ಗ್ರಹಾಂ ಬಿಸ್ಕತ್ತಿನ ಪುಡಿ, ಅರ್ಧ ಕಪ್ ಸಣ್ಣಗೆ ಹೆಚ್ಚಿದ ಬಾದಾಮಿ, ಒಂದು ಕಪ್ ಒಣಕೊಬ್ಬರಿ ಪುಡಿ. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು, ಆ ಹಬೆಯಲ್ಲೇ ಬೆಣ್ಣೆ, ಸಕ್ಕರೆ, ಕೋಕೋ ಕರಗಿಸಿ. ಕಡೆದ ಮೊಟ್ಟೆಯನ್ನು ನಿಧಾನವಾಗಿ ಸುರಿಯುತ್ತಾ ಕೈಬಿಡದೆ ತಿರುವಿ. ನೇರ ಉರಿಯ ಮೇಲೆ ಮಾಡಿದರೆ ಮೊಟ್ಟೆ ಗಂಟುಗಂಟಾಗಿ ಬೆಂದುಬಿಡುತ್ತದೆ, ಹಬೆ ಬೇಕಾಗುವುದು ಅದಕ್ಕೇ. ಮಿಶ್ರಣ ಗಟ್ಟಿಯಾಗುತ್ತಾ ಬಂದಾಗ ಇಳಿಸಿ, ಉಳಿದ ಮೂರನ್ನೂ ಸೇರಿಸಿ, ತಟ್ಟೆಗೆ ಹಾಕಿ ಒತ್ತಿ. ಅಂಗೈಯಿಂದಲೋ ಚಪ್ಪಟೆ ತಳದ ಬಟ್ಟಲಿನಿಂದಲೋ ಚೆನ್ನಾಗಿ ಅದುಮಿ. ಈ ಪದರ ಸಡಿಲವಾದರೆ ಕತ್ತರಿಸುವಾಗ ಬಾರ್ ಪುಡಿಪುಡಿಯಾಗುತ್ತದೆ.

ಮೊಟ್ಟೆ ತಿನ್ನದ ಮನೆಗಳಿಗೆ ನಾನು ಮಾಡುವ ಬದಲಾವಣೆ ಹೀಗಿದೆ. ಮೊಟ್ಟೆಯ ಕೆಲಸ ಇಲ್ಲಿ ಪುಡಿಯನ್ನು ಹಿಡಿದಿಡುವುದು. ಅದರ ಜಾಗಕ್ಕೆ ಮೂರು ಚಮಚ ಕಂಡೆನ್ಸ್ಡ್ ಮಿಲ್ಕ್ ಹಾಕಿ, ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ. ಮೂಲದಲ್ಲಿ ಈ ಪದರವನ್ನು ಓವನ್‌ಗೆ ಇಡುವುದೇ ಇಲ್ಲ. ಮೊಟ್ಟೆಯಿಲ್ಲದೆ ಮಾಡುವಾಗ ಮಾತ್ರ 350 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯ ಓವನ್‌ನಲ್ಲಿ ಹತ್ತು ನಿಮಿಷ ಬೇಯಿಸಿ ತೆಗೆಯುತ್ತೇನೆ. ಬೆಂದ ಮೇಲೆ ಕೊಬ್ಬರಿಯ ಪರಿಮಳ ಏಳುತ್ತದೆ, ತಳ ಬಿಗಿಯಾಗುತ್ತದೆ. ಪೂರ್ತಿ ಆರಿದ ನಂತರವೇ ಮುಂದಿನ ಪದರ. ಮಕ್ಕಳ ಕಾರ್ಯಕ್ರಮವಿದ್ದರೆ ಬಾದಾಮಿ ಬಿಟ್ಟು ಅಷ್ಟೇ ಅಳತೆಯ ಹುರಿದ ಸೂರ್ಯಕಾಂತಿ ಬೀಜ ಹಾಕಿ. ಬಾದಾಮಿ, ಗೋಡಂಬಿ ಮುಟ್ಟಬಾರದ ಮಕ್ಕಳು ಇಲ್ಲಿ ಬಹಳ ಇದ್ದಾರೆ. ತಟ್ಟೆಯ ಮುಂದೆ ಒಂದು ಚೀಟಿ ಬರೆದಿಡುವುದು ನಮ್ಮ ಹೊಣೆ.

ನಡುವಿನ ಪದರಕ್ಕೆ ಅರ್ಧ ಕಪ್ ಬೆಣ್ಣೆ, ಎರಡು ದೊಡ್ಡ ಚಮಚ ಮತ್ತು ಎರಡು ಚಿಕ್ಕ ಚಮಚ ಕ್ರೀಮ್, ಎರಡು ಚಮಚ ವೆನಿಲಾ ಕಸ್ಟರ್ಡ್ ಪೌಡರ್, ಎರಡು ಕಪ್ ಐಸಿಂಗ್ ಶುಗರ್. ಇಲ್ಲಿ ನಮ್ಮವರು ಅನುಮಾನಪಡುತ್ತಾರೆ. ನಮ್ಮ ಮನೆಗಳಲ್ಲಿ ಕಸ್ಟರ್ಡ್ ಪೌಡರ್ ಅಂದರೆ ಹಾಲಿನಲ್ಲಿ ಕದಡಿ, ಕುದಿಸಿ, ಆರಿಸಿ, ಹಣ್ಣಿನ ಹೋಳು ಬೆರೆಸುವ ಸಾಮಾನು. ಕುದಿಸದೆ ಹಾಕಿದರೆ ಹಿಟ್ಟು ಹಿಟ್ಟು ಅನ್ನುವುದಿಲ್ಲವೇ? ಇಷ್ಟು ಬೆಣ್ಣೆ ಸಕ್ಕರೆಗೆ ಎರಡೇ ಚಮಚವಾದ್ದರಿಂದ ಅನ್ನುವುದಿಲ್ಲ, ಆದರೆ ಕಡೆಯುವುದರಲ್ಲಿ ಸೋಮಾರಿತನ ಮಾಡಬಾರದು. ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬಣ್ಣ ತಿಳಿಯಾಗಿ, ಮಿಶ್ರಣ ಹಗುರಾಗಿ ಉಬ್ಬುವವರೆಗೆ ಕಡೆಯಿರಿ. ನಾಲಿಗೆಗೆ ಸಕ್ಕರೆಯ ಮರಳು ಸಿಗಬಾರದು. ತಳದ ಮೇಲೆ ಸಮನಾಗಿ ಹರಡಿ ಫ್ರಿಜ್‌ನಲ್ಲಿಡಿ.

ಈ ಹಳದಿ ಪುಡಿ ಹುಟ್ಟಿದ್ದು ಮೊಟ್ಟೆ ಒಗ್ಗದವರಿಗಾಗಿಯೇ ಎಂಬುದು ನಿಮಗೆ ಸಂತೋಷ ಕೊಡಬಹುದು. ಬರ್ಮಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ಆಲ್ಫ್ರೆಡ್ ಬರ್ಡ್‌ ಅವರ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಮೊಟ್ಟೆಯಿಂದ ಮಾಡುವ ಕಸ್ಟರ್ಡ್ ಆಕೆಗೂ ದಕ್ಕಲಿ ಎಂದು 1837ರಲ್ಲಿ ಅವರು ಜೋಳದ ಪಿಷ್ಟದಿಂದ ಈ ಪುಡಿ ಕಂಡುಹಿಡಿದರು. ಮೊಟ್ಟೆಯಿಲ್ಲದ ಸಿಹಿಗಾಗಿ ಮೈಸೂರು, ಬೆಂಗಳೂರುಗಳ ಮನೆಗಳು ಇದನ್ನು ಒಳಗೆ ಕರೆದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಗ್ರಹಾಂ ಬಿಸ್ಕತ್ತಿನ ಹಿಂದೆ ಇರುವವರೂ ನಮಗೆ ಹತ್ತಿರದವರೇ. ಅಮೆರಿಕದ ಪಾದ್ರಿ ಸಿಲ್ವೆಸ್ಟರ್ ಗ್ರಹಾಂ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲೇ ಮಾಂಸ ಬಿಡಿ, ತೌಡು ತೆಗೆಯದ ಗೋಧಿಹಿಟ್ಟು ತಿನ್ನಿ ಎಂದು ಬೋಧಿಸುತ್ತಾ ಊರೂರು ಅಲೆದವರು. ಊರಿನಲ್ಲಿರುವ ಅಕ್ಕನೋ ಅತ್ತಿಗೆಯೋ ಕೇಳಿದರೆ, ಗ್ರಹಾಂ ಬದಲು ಡೈಜೆಸ್ಟಿವ್ ಬಿಸ್ಕತ್ತನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳಲು ಹೇಳಿ. ಮಾರಿ ಬಿಸ್ಕತ್ತು ಬೇಡ, ಅದು ತೀರಾ ನುಣ್ಣಗೆ ಪುಡಿಯಾಗಿ ತಳದ ಒರಟುತನ ಹೋಗುತ್ತದೆ.

ಮೇಲಿನ ಪದರಕ್ಕೆ ಸುಮಾರು 115 ಗ್ರಾಂ ಅರೆಸಿಹಿ ಚಾಕೊಲೇಟು, ಎರಡು ಚಮಚ ಬೆಣ್ಣೆ. ಸಣ್ಣ ಉರಿಯಲ್ಲಿ ಕರಗಿಸಿ, ಆರಲು ಬಿಡಿ. ಬಿಸಿ ಇರುವಾಗ ಸುರಿದರೆ ನಡುವಿನ ಬೆಣ್ಣೆ ಕರಗಿ ಎರಡು ಪದರವೂ ಕಲಸಿಹೋಗುತ್ತವೆ. ತೀರಾ ತಣ್ಣಗಾದರೆ ಹರಡುವುದಿಲ್ಲ. ಬೆರಳಿಗೆ ಬಿಸಿ ತಾಗದ, ಆದರೆ ಸುರಿದರೆ ಇನ್ನೂ ಹರಿಯುವ ಹದ ಬೇಕು. ಸುರಿದು, ತಟ್ಟೆ ವಾಲಿಸಿ ಸಮ ಮಾಡಿ, ಮತ್ತೆ ಫ್ರಿಜ್‌ನಲ್ಲಿಡಿ. ಚಾಕೊಲೇಟು ಅರೆಗಟ್ಟಿಯಾದಾಗಲೇ ತೆಗೆದು ಚಾಕುವಿನಿಂದ ಮೇಲೆ ಮೇಲೆ ಗೆರೆ ಎಳೆದಿಡಿ. ಪೂರ್ತಿ ಗಟ್ಟಿಯಾದ ಮೇಲೆ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಆ ಗೆರೆಗಳ ಮೇಲೆಯೇ ಕತ್ತರಿಸಿದರೆ ಮೇಲ್ಪದರ ಒಡೆಯುವುದಿಲ್ಲ. ಹೋಳು ಚಿಕ್ಕದಿರಲಿ. ಬಹಳ ಸಿಹಿ ಇದು.

ರೆಸಿಪಿ ಆಯಿತು. ಇನ್ನು ನನ್ನ ಕೋರಿಕೆ.

ಕನ್ನಡದಲ್ಲಿ ಅಡುಗೆಯನ್ನು ಬರೆದಿಟ್ಟ ಪರಂಪರೆ ಸಣ್ಣದಲ್ಲ. ಹನ್ನೊಂದನೇ ಶತಮಾನದಲ್ಲೇ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯವಿದೆ. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಮೈಸೂರು ಪಾಕ್ ಎಂದೊಡನೆ ಅರಮನೆಯ ಕಾಕಾಸುರ ಮಾದಪ್ಪನವರ ಹೆಸರು ಹೇಳುತ್ತೇವೆ. ಅವರ ವಂಶದವರು ಸಯ್ಯಾಜಿರಾವ್ ರಸ್ತೆಯಲ್ಲಿ ಇಂದಿಗೂ ಅದನ್ನು ಮಾರುತ್ತಾರೆ. ಬರೆದ ಗಂಡಸರ ಹೆಸರು ಉಳಿದಿದೆ, ಅರಮನೆಯಲ್ಲಿ ಬಾಣಲೆಯ ಮುಂದೆ ನಿಂತ ಗಂಡಸಿನ ಹೆಸರೂ ಉಳಿದಿದೆ. ನಮ್ಮ ನಮ್ಮ ಮನೆಯ ಸಾರಿನ ಪುಡಿಗೆ ಇಂಗು ಎಷ್ಟು, ಕರಿಬೇವು ಹುರಿಯುವುದು ಯಾವಾಗ ಎಂದು ನಿಶ್ಚಯಿಸಿದ ಮುತ್ತಜ್ಜಿಯ ಹೆಸರು ಎಷ್ಟು ಜನರಿಗೆ ಗೊತ್ತು? ರಟ್ಟು ಹರಿದ ನೋಟುಪುಸ್ತಕಗಳಲ್ಲಿ ‘ಅಮ್ಮನ ಚಕ್ಕುಲಿ’, ‘ದೊಡ್ಡಮ್ಮನ ಹುಳಿ’ ಎಂದಿರುತ್ತದೆ. ಬರೆದವರು ಇರುವವರೆಗೆ ಅದು ಸಾಕು. ಮೊಮ್ಮಗಳ ಕೈಗೆ ಬಂದಾಗ ಯಾರ ಅಮ್ಮ, ಯಾವ ದೊಡ್ಡಮ್ಮ ಎಂದು ಹೇಳುವವರು ಇರುವುದಿಲ್ಲ.

ಹೆಸರುಗಳು ಕಳೆದುಹೋದ, ಇದಕ್ಕಿಂತ ಎಷ್ಟೋ ಘೋರವಾದ ಒಂದು ಪುಟ ನನೈಮೊದ ಚರಿತ್ರೆಯಲ್ಲೇ ಇದೆ. 1887ರ ಮೇ ತಿಂಗಳಲ್ಲಿ ಅಲ್ಲಿನ ಗಣಿ ಸ್ಫೋಟಗೊಂಡು ಸುಮಾರು 150 ಜನ ಸತ್ತರು. ಅವರಲ್ಲಿ ಚೀನೀ ಕಾರ್ಮಿಕರು ಐವತ್ತಕ್ಕೂ ಹೆಚ್ಚು. ಸರಕಾರಿ ವರದಿ ಅವರ ಹೆಸರುಗಳನ್ನು ದಾಖಲಿಸಲಿಲ್ಲ. ದೂರದಿಂದ ಬಂದು ದುಡಿದವರ ಹೆಸರನ್ನು ಈ ನಾಡು ತಾನಾಗಿ ಬರೆದಿಟ್ಟುಕೊಳ್ಳುತ್ತದೆ ಎಂದು ನಂಬಿ ಕೂರಬಾರದು ಎನ್ನುವುದಕ್ಕೆ ಇದನ್ನು ನೆನೆದೆ. ಆ ಬರವಣಿಗೆಯನ್ನು ನಾವೇ ಮಾಡಬೇಕು, ನಮ್ಮ ಭಾಷೆಯಲ್ಲೇ ಮಾಡಬೇಕು.

ಆದ್ದರಿಂದ ಸಂಘದ ಪುಸ್ತಕಕ್ಕೆ ರೆಸಿಪಿ ಕಳಿಸುವಾಗ ಪ್ರತಿಯೊಬ್ಬರೂ ನಿಮ್ಮ ಪೂರ್ತಿ ಹೆಸರು ಬರೆಯಿರಿ. ಐವತ್ತರ ದಶಕದ ಇಲ್ಲಿನ ಅಡುಗೆ ಪುಸ್ತಕಗಳಲ್ಲಿ ಹೆಂಗಸರ ಹೆಸರು ಎಷ್ಟೋ ಸಲ ಗಂಡನ ಹೆಸರಿನೊಳಗೆ ಅಡಗಿ, ಶ್ರೀಮತಿ ಇಂಥವರು ಎಂದಷ್ಟೇ ಇರುತ್ತಿತ್ತು. ನಮಗೆ ಅದು ಬೇಡ. ಯಾರಿಂದ ಕಲಿತಿರಿ, ಅವರ ಹೆಸರೇನು, ಅವರು ಯಾವ ಊರಿನವರು, ಹುಟ್ಟಿದ ಊರು ಯಾವುದು, ಸೇರಿದ ಊರು ಯಾವುದು, ನೀವು ಬರೆದ ವರ್ಷ ಯಾವುದು, ಇಷ್ಟೂ ಇರಲಿ. ಹುಬ್ಬಳ್ಳಿಯಲ್ಲಿ ಹುಟ್ಟಿ ಶಿವಮೊಗ್ಗಕ್ಕೆ ಸೊಸೆಯಾಗಿ ಹೋದವರ ಕಾಯಿ ಹೋಳಿಗೆಯಲ್ಲಿ ಎರಡು ಸೀಮೆ ಸೇರಿರುತ್ತವೆ. ಅದನ್ನು ‘ಕರ್ನಾಟಕದ ಹೋಳಿಗೆ’ ಎಂದು ಬರೆದರೆ ಎರಡೂ ಕಳೆದುಹೋಗುತ್ತವೆ.

ಅಳತೆಯನ್ನೂ ಬರೆಯಿರಿ. ‘ಹದ ನೋಡಿಕೊಂಡು’ ಎಂಬ ಮಾತು ನಮ್ಮ ಅಡುಗೆಯ ಜೀವ, ಅದನ್ನು ಕಿತ್ತುಹಾಕಿ ಅನ್ನುತ್ತಿಲ್ಲ. ಹದ ಅಂದರೆ ಕಣ್ಣಿಗೆ ಏನು ಕಾಣಬೇಕು, ಬೆರಳಿಗೆ ಏನು ತಿಳಿಯಬೇಕು, ವಾಸನೆ ಹೇಗೆ ಬದಲಾಗಬೇಕು ಎಂದು ಒಂದು ಸಾಲು ಹೆಚ್ಚು ಬರೆಯಿರಿ. ಪಾಕ ಒಂದೆಳೆಯೋ ಎರಡೆಳೆಯೋ ಹೇಳಿ. ಇಲ್ಲಿನ ಮೈದಾದಲ್ಲಿ ಹೋಳಿಗೆ ಕಣಕ ಕಲಸುವಾಗ ಊರಿನಷ್ಟೇ ನೀರು ಹಾಕುತ್ತೀರಾ, ಎಷ್ಟು ಹೊತ್ತು ನೆನೆಸುತ್ತೀರಾ, ಚಿರೋಟಿ ರವೆ ಸಿಗದಿದ್ದರೆ ಏನು ಬೆರೆಸುತ್ತೀರಾ? ವಿನ್ನಿಪೆಗ್‌ನ ಚಳಿಯಲ್ಲಿ ದೋಸೆ ಹಿಟ್ಟು ಹುದುಗಲು ಓವನ್‌ನ ದೀಪ ಹಾಕಿ ಒಳಗಿಡುವವರು ಅದನ್ನೂ ಬರೆಯಿರಿ. ಈ ಜಾಣತನವೆಲ್ಲ ಹುಟ್ಟಿದ್ದು ಇಲ್ಲಿ, ನಿಮ್ಮ ಕೈಯಲ್ಲಿ. ಊರಿನ ಯಾವ ಪುಸ್ತಕದಲ್ಲೂ ಅದು ಸಿಗುವುದಿಲ್ಲ.

ಕೊನೆಯದಾಗಿ ಪುಸ್ತಕದ ಸಂಪಾದಕರಿಗೆ. ಬಿಸಿಬೇಳೆ ಬಾತಿಗೆ ಮೂರು ರೆಸಿಪಿ ಬಂದರೆ ಮೂರನ್ನೂ ಅಚ್ಚು ಹಾಕಿ. ಒಂದರಲ್ಲಿ ಮರಾಠಿ ಮೊಗ್ಗು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ, ಮೂರನೆಯದರಲ್ಲಿ ಈರುಳ್ಳಿ ಇರುತ್ತದೆ. ಯಾವುದು ಸರಿ ಎಂದು ತೀರ್ಮಾನಿಸುವ ಕೆಲಸ ನಿಮ್ಮದಲ್ಲ. ಪುಟ ಹೆಚ್ಚಾಗುತ್ತದೆ, ಖರ್ಚು ಹೆಚ್ಚಾಗುತ್ತದೆ, ಬಲ್ಲೆ. ಜಾಹೀರಾತಿನ ಪುಟಗಳನ್ನು ಕಡಿಮೆ ಮಾಡಿಯಾದರೂ ಹಾಕಿ. ಅಚ್ಚಾದ ಒಂದು ಪ್ರತಿಯನ್ನು ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಿ. ನನೈಮೊದ ವಸ್ತುಸಂಗ್ರಹಾಲಯದಲ್ಲಿ 1953ರ ಆ ಅಡುಗೆ ಪುಸ್ತಕದ ಪ್ರತಿ ಇರುವುದು, ಯಾರೋ ಅದನ್ನು ರದ್ದಿಗೆ ಹಾಕದೆ ಇಟ್ಟುಕೊಂಡಿದ್ದರಿಂದ.

ನನ್ನ ರೆಸಿಪಿಯನ್ನು ಸೇರಿಸುವುದಾದರೆ ಅದರ ಕೆಳಗೆ ಹೀಗೆ ಅಚ್ಚು ಹಾಕಿ: ಅಳತೆ, ನನೈಮೊದ ಜಾಯ್ಸ್ ಹಾರ್ಡ್‌ಕ್ಯಾಸಲ್ ಅವರದು, 1985ರ ಸ್ಪರ್ಧೆಯಲ್ಲಿ ಗೆದ್ದದ್ದು, ಅವರಿಗೂ ಮುಂಚೆ 1952ರಲ್ಲಿ ನನೈಮೊ ಆಸ್ಪತ್ರೆಯ ಮಹಿಳಾ ಸಹಾಯಕ ಸಂಘದ ಪುಸ್ತಕಕ್ಕೆ ಮೂರು ರೆಸಿಪಿ ಬಂದಿದ್ದವು, ಮೊಟ್ಟೆಯ ಬದಲು ಕಂಡೆನ್ಸ್ಡ್ ಮಿಲ್ಕ್ ಹಾಕಿ ತಳವನ್ನು ಹತ್ತು ನಿಮಿಷ ಬೇಯಿಸುವುದು, ಬ್ರಿಟಿಷ್ ಕೊಲಂಬಿಯಾದ ಒಂದು ಕನ್ನಡ ಮನೆಯಲ್ಲಿ ಆದ ಬದಲಾವಣೆ. ಅದರ ಮುಂದೆ ನನ್ನ ಪೂರ್ತಿ ಹೆಸರು. ಅದನ್ನು ರೆಸಿಪಿಯ ಹಾಳೆಯಲ್ಲಿ ಬೇರೆಯಾಗಿ ಬರೆದು ಕಳಿಸುತ್ತಿದ್ದೇನೆ.

ನಿಮ್ಮ ಹಾಳೆಗಳಿಗಾಗಿ ಕಾಯುತ್ತಿರುವ,
ನಿಮ್ಮ ಊಟದ ಸಾಲಿನ ಗೆಳತಿ